ಹಿತ್ತಲ ಕೊಳದಲ್ಲಿ ಬಣ್ಣದ ಗೆಂಡೆ: ಕೊಯಿ ಮೀನಿನ ತಳಿ ಬೆಳೆಸುವ ಹವ್ಯಾಸ

ಮನೆಯಲ್ಲಿ ಮೀನು ಸಾಕುವುದು ನಮ್ಮ ನಗರವಾಸಿಗಳಿಗೆ ಹೊಸ ಹವ್ಯಾಸವೇನಲ್ಲ. ಗಾಜಿನ ತೊಟ್ಟಿಯಲ್ಲಿ ಚಿನ್ನದ ಮೀನುಗಳನ್ನು ಇಟ್ಟು ಮಕ್ಕಳಿಗೆ ತೋರಿಸುವ ಪದ್ಧತಿ ಹಲವು ತಲೆಮಾರುಗಳಿಂದ ಇದೆ. ಇತ್ತೀಚಿನ ದಶಕಗಳಲ್ಲಿ ಈ ಹವ್ಯಾಸ ಗಾಜಿನ ತೊಟ್ಟಿಯಿಂದ ಹಿತ್ತಲಿನ ಕೊಳಕ್ಕೆ ವಿಸ್ತರಿಸಿದೆ. ಅಂತಹ ಕೊಳಗಳಲ್ಲಿ ಮುಖ್ಯ ಸ್ಥಾನ ಪಡೆದಿರುವುದು ಜಪಾನ್ ಮೂಲದ ಕೊಯಿ ಎಂಬ ಬಣ್ಣದ ಗೆಂಡೆ ಮೀನು. ಅದನ್ನು ಸಾಕುವವರಲ್ಲಿ ಕೆಲವರು ಕೆಲಕಾಲದ ನಂತರ ಮರಿ ಮಾಡಿಸುವ ಪ್ರಯತ್ನಕ್ಕೂ ಕೈಹಾಕುತ್ತಾರೆ. ಮೀನಿಗೆ ಅನುಕೂಲವಾದ ಹವೆ ದೊರೆತರೆ ಈ ಪ್ರಯತ್ನ ಬಹು ಸುಲಭವಾಗಿ ಫಲಿಸುತ್ತದೆ. ಕಷ್ಟವು ಆರಂಭವಾಗುವುದು ಫಲ ದೊರೆತ ಮೇಲೆ. ಒಂದು ಸಲ ಇಟ್ಟ ಮೊಟ್ಟೆಗಳ ಸಂಖ್ಯೆ ಲಕ್ಷವನ್ನು ಮೀರುತ್ತದೆ. ಮನೆಯ ಕೊಳದಲ್ಲಿ ಬೆಳೆದ ಮೀನುಗಳಿಗೆ ಇರುವ ಸ್ಥಳವೋ ಹತ್ತಾರು ಮಾತ್ರ. ಈ ಎರಡು ಸಂಖ್ಯೆಗಳ ನಡುವಣ ಅಂತರವನ್ನು ಹೇಗೆ ನಿಭಾಯಿಸಬೇಕೆಂಬುದು ಈ ಹವ್ಯಾಸದ ಮುಖ್ಯ ಪ್ರಶ್ನೆ. ಸಹ್ಯಾದ್ರಿಯ ನೀರಿನ ಮಡಿಲಲ್ಲಿರುವ ಪುಣೆ ನಗರವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಗದ್ದೆಯ ಕೊಳದಿಂದ ಅರಮನೆಯ ಕಂದಕಕ್ಕೆ

ಜಪಾನೀ ಭಾಷೆಯಲ್ಲಿ 'ಕೊಯಿ' ಎಂದರೆ ಗೆಂಡೆ ಮೀನು. ಬಣ್ಣದ ತಳಿಗಳನ್ನು 'ನಿಶಿಕಿಗೊಯಿ' ಎಂದು ಕರೆಯುತ್ತಾರೆ. 'ನಿಶಿಕಿ' ಎಂದರೆ ಬಣ್ಣಬಣ್ಣದ ನೂಲಿನಿಂದ ನೇಯ್ದ ಜರತಾರಿ ವಸ್ತ್ರ. ಈ ತಳಿಗಳ ತವರು ಜಪಾನಿನ ನೀಗಾತಾ ಪ್ರಾಂತದ ಯಾಮಾಕೋಶಿ ಸುತ್ತಲಿನ ಬೆಟ್ಟಸೀಮೆ. ಚಳಿಗಾಲದಲ್ಲಿ ಅಲ್ಲಿ ಆಳೆತ್ತರ ಹಿಮ ಬಿದ್ದು ಹಳ್ಳಿಗಳ ಸಂಪರ್ಕ ಕಡಿಯುತ್ತಿತ್ತು. ಮೆಟ್ಟಿಲು ಗದ್ದೆಗಳಿಗೆ ನೀರುಣಿಸುವ ಸಣ್ಣ ಕೊಳಗಳಲ್ಲಿ ರೈತರು ಚಳಿಗಾಲದ ಆಹಾರಕ್ಕೆಂದು ಗೆಂಡೆ ಮೀನುಗಳನ್ನು ಸಾಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕಂದು ಮೀನುಗಳ ನಡುವೆ ಕೆಂಪು ಅಥವಾ ಬಿಳಿ ಬಣ್ಣ ತಳೆದ ಮರಿಗಳು ಅಪರೂಪಕ್ಕೆ ಕಾಣಿಸಿಕೊಂಡವು. ರೈತರು ಅವುಗಳನ್ನು ಅಡುಗೆಗೆ ಬಳಸದೆ ಬೇರೆಯಾಗಿಟ್ಟು ಒಂದಕ್ಕೊಂದು ಕೂಡಿಸಿದರು. ಕೊಯಿ ತಳಿಗಳ ಚರಿತ್ರೆ ಆರಂಭವಾದುದು ಹೀಗೆ.

1914ರಲ್ಲಿ ಟೋಕಿಯೋ ನಗರದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಈ ಮೀನುಗಳನ್ನು ಪ್ರದರ್ಶಿಸಲಾಯಿತು. ಅರಮನೆಯ ಕಂದಕದಲ್ಲಿಯೂ ಅವುಗಳಿಗೆ ಸ್ಥಾನ ದೊರೆಯಿತು. ಅಲ್ಲಿಂದ ಮುಂದೆ ಬೆಟ್ಟದ ರೈತರ ಹವ್ಯಾಸ ಇಡೀ ದೇಶದ ಹವ್ಯಾಸವಾಗಿ, ಕ್ರಮೇಣ ಹೊರದೇಶಗಳಿಗೂ ಹರಡಿತು. 2004ರ ಅಕ್ಟೋಬರ್ ತಿಂಗಳಿನಲ್ಲಿ ಸಂಭವಿಸಿದ ಭೂಕಂಪದಿಂದ ಯಾಮಾಕೋಶಿಯ ಕೊಳಗಳು ಒಡೆದು ಅಪಾರ ಮೀನುಗಳು ನಾಶವಾದಾಗ, ಉಳಿದ ತಾಯಿಮೀನುಗಳನ್ನು ಹೆಲಿಕಾಪ್ಟರುಗಳಲ್ಲಿ ಸಾಗಿಸಿ ಕಾಪಾಡಲಾಯಿತು.

ಇಂದು ಪ್ರಚಲಿತವಾಗಿರುವ ತಳಿಗಳು ಹಲವಾರು. ಬಿಳಿಯ ಮೈಮೇಲೆ ಕೆಂಪು ಮಚ್ಚೆಗಳಿರುವುದು ಕೊಹಾಕು. ಬಿಳಿ, ಕೆಂಪುಗಳೊಡನೆ ಅಲ್ಲಲ್ಲಿ ಕಪ್ಪು ಬೊಟ್ಟುಗಳಿರುವುದು ತೈಶೋ ಸಾನ್ಶೊಕು. ಕಪ್ಪು ಮೈಯ ಮೇಲೆ ಕೆಂಪು, ಬಿಳಿ ಹರಡಿದ್ದರೆ ಅದು ಶೋವಾ. ಮೈಯೆಲ್ಲ ಒಂದೇ ಲೋಹದ ಹೊಳಪಿರುವುದು ಓಗೊನ್. ಹೆಸರುಗಳು ಬೇರೆಯಾದರೂ ಇವೆಲ್ಲ ಒಂದೇ ಜಾತಿಯ ಮೀನುಗಳು. ನಮ್ಮ ಕೆರೆಗಳಲ್ಲಿ ಆಹಾರಕ್ಕಾಗಿ ಬೆಳೆಸುವ ಸಾಮಾನ್ಯ ಗೆಂಡೆಯ ಹತ್ತಿರದ ಬಂಧುಗಳು. ಸಾಮಾನ್ಯ ಗೆಂಡೆಯೂ ನಮ್ಮ ನಾಡಿನ ಮೂಲನಿವಾಸಿಯಲ್ಲ. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಒಂದು ತಳಿಯನ್ನೂ, 1957ರಲ್ಲಿ ಬ್ಯಾಂಕಾಕಿನಿಂದ ಮತ್ತೊಂದು ತಳಿಯನ್ನೂ ತರಲಾಯಿತು. ಕೊಯಿ ಮತ್ತು ಸಾಮಾನ್ಯ ಗೆಂಡೆ ಪರಸ್ಪರ ಕೂಡಿ ಮರಿ ಮಾಡಬಲ್ಲವು. ಒಂದರ ರೋಗ ಇನ್ನೊಂದಕ್ಕೆ ತಗುಲಬಲ್ಲದು. ಈ ಬಂಧುತ್ವವನ್ನು ಹವ್ಯಾಸಿಗಳು ನೆನಪಿನಲ್ಲಿಡಬೇಕಾದ ಕಾರಣ ಮುಂದೆ ಸ್ಪಷ್ಟವಾಗುವುದು.

ಪುಣೆಯ ಜಪಾನೀ ಉದ್ಯಾನ

ಮನೆಯ ಅಂಗಳದಲ್ಲಿ ನೀರನ್ನು ನಿಲ್ಲಿಸಿ ನೋಡುವ ಅಭಿರುಚಿ ಪುಣೆಗೆ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಪೇಶ್ವೆಯವರು ಕಾತ್ರಜ್ ಕೆರೆಯ ನೀರನ್ನು ನೆಲದಡಿಯ ಕಾಲುವೆಯ ಮೂಲಕ ನಗರಕ್ಕೆ ತಂದು, ಪೇಟೆಗಳಲ್ಲಿ ಹೌದುಗಳನ್ನು ತುಂಬಿಸಿದರು. ಶನಿವಾರವಾಡೆಯ ಕಾರಂಜಿಗಳು ಪ್ರಸಿದ್ಧವಾಗಿದ್ದವು.

ಜಪಾನೀ ಮಾದರಿಯ ಕೊಳವನ್ನು ಇಂದಿನ ಪುಣೆಯ ಜನಸಾಮಾನ್ಯರು ನೋಡಬಹುದಾದ ಸ್ಥಳ ಸಿಂಹಗಡ ರಸ್ತೆಯಲ್ಲಿರುವ ಪು. ಲ. ದೇಶಪಾಂಡೆ ಉದ್ಯಾನ. ಪುಣೆ ಮತ್ತು ಜಪಾನಿನ ಓಕಾಯಾಮಾ ನಗರಗಳ ಸ್ನೇಹದ ಕುರುಹಾಗಿ ನಿರ್ಮಿತವಾದ ಈ ಉದ್ಯಾನವು 2006ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸುಮಾರು 10 ಎಕರೆ ವಿಸ್ತಾರದ ಇದಕ್ಕೆ ಮಾದರಿಯಾದುದು ಓಕಾಯಾಮಾದ ಕೊರಾಕುಎನ್ ಉದ್ಯಾನ. ಅದು ಪೂರ್ಣಗೊಂಡದ್ದು 1700ರಲ್ಲಿ. ಹುಲ್ಲುಹಾಸಿನ ನಡುವೆ ಹರಿಯುವ ತೊರೆ, ಪುಟ್ಟ ಸೇತುವೆ, ಸೇತುವೆಯ ಕೆಳಗೆ ಗುಂಪುಗೂಡುವ ಬಣ್ಣದ ಮೀನುಗಳು ಇಲ್ಲಿಯ ಆಕರ್ಷಣೆ. ಇಂಥದೇ ಒಂದು ಕೊಳ ತಮ್ಮ ಮನೆಯಲ್ಲಿಯೂ ಇರಲೆಂದು ನೋಡಿದವರು ಆಸೆಪಡುವುದು ಸಹಜ.

ಕೊಯಿ ಮೀನಿಗೆ ಪುಣೆಯ ಹವೆಯೂ ಹೊಂದುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಈ ನಗರದಲ್ಲಿ ಚಳಿಗಾಲದ ರಾತ್ರಿಗಳು ತಂಪಾಗಿರುತ್ತವೆ. ಶೀತ ಋತು ಕಳೆದು ನೀರು ಬೆಚ್ಚಗಾಗುವ ಬದಲಾವಣೆಯೇ ಗೆಂಡೆ ಮೀನಿಗೆ ಮೊಟ್ಟೆಯಿಡುವ ಸೂಚನೆ. ಕಷ್ಟವಿರುವುದು ಏಪ್ರಿಲ್, ಮೇ ತಿಂಗಳುಗಳ ಬಿಸಿಲಿನಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾದ ಆಮ್ಲಜನಕವೋ ಹೆಚ್ಚುತ್ತದೆ.

ಕೊಳ ಮತ್ತು ನೀರಿನ ವ್ಯವಸ್ಥೆ

ಬೆಳೆದ ಕೊಯಿ ಮೀನು ಎರಡು ಅಡಿಗೂ ಹೆಚ್ಚು ಉದ್ದವಾಗಬಲ್ಲದು. ಚೆನ್ನಾಗಿ ನೋಡಿಕೊಂಡರೆ 25ರಿಂದ 30 ವರ್ಷ ಬದುಕುತ್ತದೆ. ಆದುದರಿಂದ ಗಾಜಿನ ತೊಟ್ಟಿ ಇದಕ್ಕೆ ತಕ್ಕ ವಾಸಸ್ಥಾನವಲ್ಲ. ಬೆಳೆದ ಒಂದು ಮೀನಿಗೆ ಸುಮಾರು 1,000 ಲೀಟರ್ ನೀರು ಬೇಕೆಂಬುದು ಹವ್ಯಾಸಿಗಳು ಅನುಸರಿಸುವ ಸ್ಥೂಲ ಲೆಕ್ಕ. 3 ಮೀಟರ್ ಉದ್ದ, 2.5 ಮೀಟರ್ ಅಗಲ ಮತ್ತು ಒಂದೂಕಾಲು ಮೀಟರಿಗೂ ತುಸು ಹೆಚ್ಚು ಆಳವಿರುವ ಕೊಳದಲ್ಲಿ ಸುಮಾರು 10,000 ಲೀಟರ್ ನೀರು ಹಿಡಿಯುತ್ತದೆ. ಅಂದರೆ ಅದು ಹತ್ತು ಮೀನುಗಳ ಮನೆ. ಆಳವಿದ್ದರೆ ತಳದ ನೀರು ಬೇಸಿಗೆಯಲ್ಲಿಯೂ ತಂಪಾಗಿ ಉಳಿಯುತ್ತದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದಂತೆ ನೆರಳಿನ ಏರ್ಪಾಡೂ ಇರಬೇಕು.

ಮೀನು ಉಸಿರಾಡುವ ನೀರಿನಲ್ಲಿಯೇ ಮಲವಿಸರ್ಜನೆಯನ್ನೂ ಮಾಡುತ್ತದೆ. ಇದರಿಂದ ಉಂಟಾಗುವ ಅಮೋನಿಯ ಮೀನಿಗೆ ವಿಷ. ಶೋಧಕದ ಕಲ್ಲು, ಸ್ಪಂಜು, ಕುಂಚಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೊಸ ಕೊಳಕ್ಕೆ ಒಮ್ಮೆಗೇ ಹತ್ತು ಮೀನು ಬಿಟ್ಟು, ಎರಡನೆಯ ವಾರದಲ್ಲಿ ಅವು ಸಾಯುವುದನ್ನು ಕಂಡು ನಿರಾಶರಾಗುವವರು ತಿಳಿದಿರಬೇಕಾದ ಅಂಶವಿದು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುವುದಲ್ಲದೆ ಈ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ. ನೀರನ್ನು ಒಂದೆರಡು ದಿನ ಬಯಲಿನಲ್ಲಿ ಹಿಡಿದಿಟ್ಟು ಕಲಕಿ, ಅಥವಾ ಸೋಡಿಯಂ ಥಯೋಸಲ್ಫೇಟ್ ಬೆರೆಸಿ ಕ್ಲೋರಿನ್ ದೋಷವನ್ನು ನಿವಾರಿಸಿದ ಮೇಲೆಯೇ ಕೊಳಕ್ಕೆ ಸೇರಿಸಬೇಕು.

ಮೊಟ್ಟೆಯಿಂದ ಮರಿಯವರೆಗೆ

ನಮ್ಮ ದೇಶದ ಹವೆಯಲ್ಲಿ ಗೆಂಡೆ ಜಾತಿಯ ಈ ಮೀನು ಜಪಾನಿನಲ್ಲಿಗಿಂತ ಬೇಗ ಪ್ರಾಯಕ್ಕೆ ಬರುತ್ತದೆ. ವರ್ಷದಲ್ಲಿ ಎರಡು ಕಾಲ, ಅಂದರೆ ಚಳಿ ಇಳಿಯುವ ಜನವರಿಯಿಂದ ಮಾರ್ಚ್‌ವರೆಗೆ ಮತ್ತು ಮಳೆಗಾಲದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇದು ಹೆಚ್ಚಾಗಿ ಮೊಟ್ಟೆಯಿಡುತ್ತದೆ. ಋತುಕಾಲದಲ್ಲಿ ಗಂಡಿನ ಕಿವಿರುಮುಚ್ಚಳ ಮತ್ತು ಎದೆಯ ಈಜುರೆಕ್ಕೆಗಳ ಮೇಲೆ ಸಣ್ಣ ಬಿಳಿಯ ಗಂಟುಗಳೆದ್ದು ಮುಟ್ಟಿದರೆ ಒರಟಾಗಿರುತ್ತವೆ. ಹೆಣ್ಣಿನ ಹೊಟ್ಟೆ ದುಂಡಗಾಗಿ ಮೃದುವಾಗಿರುತ್ತದೆ. ಒಂದು ಹೆಣ್ಣಿಗೆ ಎರಡು ಗಂಡುಗಳಂತೆ ಆರಿಸಿ, ಬೇರೆ ತೊಟ್ಟಿಯಲ್ಲಿ ಅಥವಾ ಹಾಪಾ ಎಂಬ ಬಟ್ಟೆಯ ಆವರಣದಲ್ಲಿ ಸಂಜೆ ಬಿಡುವುದು ವಾಡಿಕೆ.

ಈ ಮೀನಿನ ಮೊಟ್ಟೆಗಳು ಅಂಟು ಗುಣದವು. ಅವು ಅಂಟಿಕೊಳ್ಳಲು ಜಲಸಸ್ಯಗಳನ್ನೋ ತೆಂಗಿನ ನಾರಿನ ಕಟ್ಟುಗಳನ್ನೋ ನೀರಿನಲ್ಲಿ ತೇಲಬಿಡಬೇಕು. ಬಿದಿರಿನ ಚೌಕಟ್ಟಿಗೆ ನಾರು ಕಟ್ಟಿ ಮಾಡುವ ಇಂತಹ ಸಾಧನಕ್ಕೆ ಮೀನುಗಾರಿಕೆಯ ವಲಯದಲ್ಲಿ ಕಾಕಾಬಾನ್ ಎಂದು ಹೆಸರು. ಇದು ಬಂದದ್ದು ಇಂಡೋನೇಷ್ಯಾದಿಂದ. ಸಾಮಾನ್ಯವಾಗಿ ಬೆಳಗಿನ ಜಾವದಲ್ಲಿ ಗಂಡುಗಳು ಹೆಣ್ಣನ್ನು ಅಟ್ಟಿಸಿಕೊಂಡು ಹೋಗಿ, ನಾರಿನ ನಡುವೆ ಮೊಟ್ಟೆಯಿಡುವಂತೆ ಮಾಡುತ್ತವೆ. ಹೆಣ್ಣು ತನ್ನ ಪ್ರತಿ ಕಿಲೋಗ್ರಾಂ ತೂಕಕ್ಕೆ ಒಂದರಿಂದ ಎರಡು ಲಕ್ಷದವರೆಗೆ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯಿಟ್ಟ ಕೂಡಲೇ ತಾಯಿತಂದೆ ಮೀನುಗಳನ್ನು ಬೇರ್ಪಡಿಸಬೇಕು; ಇಲ್ಲವಾದರೆ ಅವು ತಮ್ಮ ಮೊಟ್ಟೆಗಳನ್ನೇ ತಿನ್ನುತ್ತವೆ.

ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು ಮೂರು ದಿನಗಳಲ್ಲಿ ಮೊಟ್ಟೆಗಳು ಒಡೆಯುತ್ತವೆ. ಹೊರಬಂದ ಮರಿ ಮೊದಲ ಎರಡು ಮೂರು ದಿನ ನಾರಿಗೆ ಅಂಟಿಕೊಂಡು ತನ್ನ ಹೊಟ್ಟೆಯ ಹಳದಿ ಚೀಲದ ಪೋಷಣೆಯಿಂದಲೇ ಜೀವಿಸುತ್ತದೆ. ಅನಂತರ ಈಜಲು ತೊಡಗಿದ ಮರಿಗೆ ಸೂಕ್ಷ್ಮ ಜಲಜೀವಿಗಳು, ಬೇಯಿಸಿದ ಮೊಟ್ಟೆಯ ಹಳದಿ ಭಾಗದ ತೆಳು ದ್ರಾವಣ, ಮೊಯಿನಾ ಎಂಬ ನೀರುಚಿಗಟೆ, ಉಪ್ಪುನೀರಿನ ಆರ್ಟೀಮಿಯ ಮರಿಗಳು ಮೊದಲಾದುವನ್ನು ದಿನಕ್ಕೆ ಹಲವು ಬಾರಿ ಕೊಡಬೇಕು. ಆಹಾರ ಉಳಿದು ಕೊಳೆತರೆ ಒಂದೇ ರಾತ್ರಿಯಲ್ಲಿ ಮರಿಗಳೆಲ್ಲ ಸಾಯಬಹುದು.

ಬಣ್ಣದ ಗುಟ್ಟು ಮತ್ತು ಆಯ್ಕೆಯ ಶ್ರಮ

ಸುಂದರವಾದ ಕೊಹಾಕು ಜೋಡಿಯಿಂದ ಸುಂದರವಾದ ಕೊಹಾಕು ಮರಿಗಳೇ ಹುಟ್ಟುತ್ತವೆಂದು ಹೊಸ ಹವ್ಯಾಸಿ ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಗೆಂಡೆ ಮೀನಿನ ಜೀವಕೋಶದಲ್ಲಿ 100 ವರ್ಣತಂತುಗಳಿವೆ. ಗೆಂಡೆ ವರ್ಗದ ಅನೇಕ ಮೀನುಗಳಲ್ಲಿರುವ ಸಂಖ್ಯೆಯ ಇಮ್ಮಡಿ ಇದು. ದೂರದ ಪೂರ್ವಕಾಲದಲ್ಲಿ ಇದರ ಅನುವಂಶಿಕ ಸಾಮಗ್ರಿ ಇಮ್ಮಡಿಗೊಂಡಿತೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಬಣ್ಣದ ಮಚ್ಚೆಗಳು ಎಲ್ಲಿ, ಎಷ್ಟು, ಯಾವ ಅಂಚಿನೊಡನೆ ಮೂಡಬೇಕೆಂಬುದು ಒಂದೆರಡು ಗುಣಾಣುಗಳಿಂದ ನಿರ್ಧಾರವಾಗುವುದಿಲ್ಲ. ಕೆಂಪು ಬಿಳಿ ಜೋಡಿಯ ಮರಿಗಳಲ್ಲಿ ಪೂರ್ತಿ ಬಿಳಿಯವು, ಪೂರ್ತಿ ಕೆಂಪಿನವು, ಮಸುಕು ಮಚ್ಚೆಯವು ಬಹುಪಾಲು. ಮೆಚ್ಚತಕ್ಕ ವಿನ್ಯಾಸದವು ನೂರರಲ್ಲಿ ಕೆಲವೇ.

ಚರ್ಮದ ಬಣ್ಣಕೋಶಗಳಿಂದ ಈ ವರ್ಣವೈವಿಧ್ಯ ಉಂಟಾಗುತ್ತದೆ. ಕಪ್ಪಿಗೆ ಕಾರಣವಾದ ಮೆಲನಿನ್ ಎಂಬ ವಸ್ತುವನ್ನು ಮೀನು ತಾನೇ ತಯಾರಿಸಿಕೊಳ್ಳುತ್ತದೆ. ಕೆಂಪಿಗೆ ಕಾರಣವಾದ ಕ್ಯಾರೊಟಿನಾಯ್ಡುಗಳನ್ನು ಅದು ತಯಾರಿಸಲಾರದು. ಅವು ಆಹಾರದ ಮೂಲಕವೇ ದೊರೆಯಬೇಕು. ಸ್ಪಿರುಲಿನಾ ಎಂಬ ಪಾಚಿಯನ್ನು ಆಹಾರದಲ್ಲಿ ಬೆರೆಸುವುದು ಇದೇ ಕಾರಣಕ್ಕೆ. ಆದರೆ ಆಹಾರವು ಇರುವ ಕೆಂಪನ್ನು ಗಾಢಗೊಳಿಸಬಹುದೇ ಹೊರತು ಇಲ್ಲದ ಮಚ್ಚೆಯನ್ನು ಮೂಡಿಸಲಾರದು.

ಆದುದರಿಂದ ತಳಿ ಬೆಳೆಸುವವರ ನಿಜವಾದ ಕೌಶಲವಿರುವುದು ಆಯ್ಕೆಯಲ್ಲಿ. ಜಪಾನಿನಲ್ಲಿ ವಸಂತದಲ್ಲಿ ಹುಟ್ಟಿದ ಮರಿಗಳನ್ನು ಮಣ್ಣಿನ ಕೊಳಗಳಲ್ಲಿ ಬೆಳೆಸುತ್ತಾ, ಶರತ್ಕಾಲದೊಳಗೆ ಹಲವು ಸುತ್ತು ಆಯ್ಕೆ ನಡೆಸುತ್ತಾರೆ. ಶೋವಾ ತಳಿಯಲ್ಲಿ ಮೊಟ್ಟೆಯೊಡೆದ ಕೆಲವೇ ದಿನಗಳಲ್ಲಿ ಕಪ್ಪು ಮರಿಗಳನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಕೊಹಾಕು ತಳಿಯಲ್ಲಿ ಬಣ್ಣ ಸ್ಪಷ್ಟವಾಗುವವರೆಗೆ ಕೆಲವು ವಾರ ಕಾಯಬೇಕಾಗುತ್ತದೆ. ಡೊಂಕು ಬೆನ್ನು, ಸೊಟ್ಟ ಬಾಯಿ, ಕುಗ್ಗಿದ ಕಿವಿರುಮುಚ್ಚಳ ಇರುವ ಮರಿಗಳನ್ನು ಮೊದಲ ಸುತ್ತಿನಲ್ಲಿಯೇ ತೆಗೆಯುತ್ತಾರೆ. ಪ್ರತಿ ಸುತ್ತಿನಲ್ಲಿಯೂ ಉಳಿಯುವುದಕ್ಕಿಂತ ತೆಗೆಯುವುದೇ ಹೆಚ್ಚು.

ತೆಗೆದ ಮರಿಗಳು ಎಲ್ಲಿಗೆ?

ಎರಡು ಕಿಲೋಗ್ರಾಂ ತೂಗುವ ಒಂದು ಹೆಣ್ಣು ಮೀನು ಎರಡು ಲಕ್ಷ ಮೊಟ್ಟೆಯಿಟ್ಟಿತೆಂದು ಭಾವಿಸೋಣ. ಅರ್ಧ ಮಾತ್ರ ಒಡೆದರೂ ಮರಿಗಳು ಒಂದು ಲಕ್ಷ. ಅವುಗಳಲ್ಲಿ ನೂರಕ್ಕೊಂದು ಮರಿಯನ್ನು ಮೆಚ್ಚಿ ಉಳಿಸಿಕೊಂಡರೂ ಸಾವಿರವಾಗುತ್ತದೆ. ಹಿತ್ತಲಿನ ಕೊಳವೋ ಹತ್ತು ಮೀನುಗಳದು. ಹವ್ಯಾಸಿಯ ಮನಸ್ಸಿಗೆ ಕೊಲ್ಲುವುದು ಒಗ್ಗದು, ಸಾಕಲು ಸ್ಥಳವಿಲ್ಲ, ಮಾರಲು ಹೋದರೆ ಬಣ್ಣಗೆಟ್ಟ ಮರಿಗೆ ಬೆಲೆಯಿಲ್ಲ. ಆಗ ಮರಿಗಳನ್ನು ಹತ್ತಿರದ ನದಿಗೋ ಕೆರೆಗೋ ಬಿಟ್ಟುಬಿಡುವ ಯೋಚನೆ ಬರುತ್ತದೆ. ಜೀವಿಗೆ ಸ್ವಾತಂತ್ರ್ಯ ಕೊಟ್ಟ ಪುಣ್ಯವೆಂದೂ ಇದನ್ನು ತಿಳಿಯುವವರಿದ್ದಾರೆ. ದಯೆಯಿಂದಲೇ ಮಾಡಿದ ಈ ಕಾರ್ಯದ ಪರಿಣಾಮ ಮಾತ್ರ ದಯೆಯದಾಗಿರುವುದಿಲ್ಲ.

ಗೆಂಡೆ ಮೀನು ತಳದ ಕೆಸರನ್ನು ಬಾಯಿಂದ ಕೆದಕಿ ಆಹಾರ ಹುಡುಕುತ್ತದೆ. ಇದರಿಂದ ನೀರು ಕದಡಿ ಜಲಸಸ್ಯಗಳ ಬೇರು ಸಡಿಲವಾಗುತ್ತದೆ. ಸಸ್ಯಗಳಿಗೆ ಬೆಳಕು ತಲುಪುವುದಿಲ್ಲ. ಸಸ್ಯಗಳ ಆಶ್ರಯದಲ್ಲಿ ಮರಿ ಮಾಡುವ ಸ್ಥಳೀಯ ಮೀನುಗಳು ನೆಲೆ ಕಳೆದುಕೊಳ್ಳುತ್ತವೆ. ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ನದಿಗಳಲ್ಲಿ ಗೆಂಡೆ ಮೀನು ಇಂತಹ ದೊಡ್ಡ ಪಿಡುಗಾಗಿ, ಅಲ್ಲಿಯ ಕೆಲವು ರಾಜ್ಯಗಳಲ್ಲಿ ಕೊಯಿ ಸಾಕುವುದನ್ನೇ ನಿಷೇಧಿಸಲಾಗಿದೆ. ಹೊರಬಿಟ್ಟ ಬಣ್ಣದ ಮೀನುಗಳನ್ನು ಹಕ್ಕಿಗಳು ಬೇಗ ಹಿಡಿದು ತಿನ್ನುತ್ತವೆ. ಮಸುಕು ಬಣ್ಣದವು ಉಳಿಯುತ್ತವೆ. ಕೆಲವು ತಲೆಮಾರುಗಳಲ್ಲಿ ಸಂತತಿಯು ಮೂಲದ ಕಂದು ಬಣ್ಣಕ್ಕೆ ಮರಳುತ್ತದೆ. ಅದು ಯಾರದೋ ಹಿತ್ತಲಿನ ಕೊಳದಿಂದ ಬಂದದ್ದೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಮುಳಾ-ಮುಠಾದಿಂದ ಭೀಮೆಯವರೆಗೆ

ಪುಣೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಸಹ್ಯಾದ್ರಿಯಲ್ಲಿ ಹುಟ್ಟುವ ಮುಳಾ ಮತ್ತು ಮುಠಾ ನದಿಗಳು ನಗರದ ಮಧ್ಯದಲ್ಲಿಯೇ ಸಂಗಮಿಸುತ್ತವೆ. 1839ರಲ್ಲಿ ಕರ್ನಲ್ ಡಬ್ಲ್ಯು. ಎಚ್. ಸೈಕ್ಸ್ ಅವರು ದಖ್ಖನಿನ ಮೀನುಗಳನ್ನು ಕುರಿತು ಪ್ರಕಟಿಸಿದ ವಿವರಗಳಲ್ಲಿ ದಖ್ಖನೀ ಮಹಶೀರ್ ವಿಜ್ಞಾನಕ್ಕೆ ಮೊದಲು ಪರಿಚಯವಾಯಿತು. ಆ ಮೀನು ದೊರೆತದ್ದು ಪುಣೆಯ ಪೂರ್ವಕ್ಕೆ ಇದೇ ಮುಳಾ-ಮುಠಾ ನದಿಯಲ್ಲಿ. 1942ರಲ್ಲಿ ಎ. ಜಿ. ಎಲ್. ಫ್ರೇಸರ್ ಅವರು ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪುಣೆಯ ಮೀನುಗಳನ್ನು ಪಟ್ಟಿ ಮಾಡಿದರು. ಅನಂತರ ನಡೆದ ಸಮೀಕ್ಷೆಗಳಲ್ಲಿ ಹಿಂದೆ ದಾಖಲಾಗಿದ್ದ ಕೆಲವು ಜಾತಿಗಳು ಕಾಣಲಿಲ್ಲ. ಹೊರಗಿನಿಂದ ಬಂದ ಕೆಲವು ಜಾತಿಗಳು ಹೊಸದಾಗಿ ಸೇರಿದ್ದವು. ಅಣೆಕಟ್ಟುಗಳು, ನಗರದ ಕೊಳಚೆ ನೀರು ಇವು ದೊಡ್ಡ ಕಾರಣಗಳೆಂಬುದು ನಿಜ. ಆದರೆ ಈಗಾಗಲೇ ಬಳಲಿರುವ ನದಿಗೆ ಹೊರಗಿನ ಮೀನನ್ನೂ ಸೇರಿಸುವುದು ಹೊರೆಯ ಮೇಲೆ ಹೊರೆ.

ಈ ನೀರು ಪುಣೆಯಲ್ಲಿಯೇ ನಿಲ್ಲುವುದೂ ಇಲ್ಲ. ಮುಳಾ-ಮುಠಾ ಮುಂದೆ ಭೀಮಾ ನದಿಯನ್ನು ಸೇರುತ್ತದೆ. ಭೀಮೆಯು ಉಜನಿ ಜಲಾಶಯವನ್ನು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಕರ್ನಾಟಕವನ್ನು ಪ್ರವೇಶಿಸುತ್ತದೆ. ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಮೂಲಕ, ದೇವಲ ಗಾಣಗಾಪುರ, ಸನ್ನತಿಗಳ ದಡ ಮುಟ್ಟಿ, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಲೀನವಾಗುತ್ತದೆ. ಪುಣೆಯ ಸೇತುವೆಯಿಂದ ಒಬ್ಬರು ಬಿಟ್ಟ ಮರಿಗಳ ಸಂತತಿಗೆ ಭೀಮೆಯ ದಡದ ಬೆಸ್ತರ ಬಲೆಯವರೆಗೆ ದಾರಿ ಇದೆ. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ಮಾರಲಾಗುವ, ಅಮೆರಿಕ ಖಂಡದ ಮೂಲದ ಸಕ್ಕರ್ ಮೀನು ನಮ್ಮ ದೇಶದ ಅನೇಕ ನದಿ ಕೆರೆಗಳಲ್ಲಿ ನೆಲೆಯೂರಿ ಮೀನುಗಾರರ ಬಲೆಗಳನ್ನು ಹಾಳುಮಾಡುತ್ತಿರುವುದು ಕಣ್ಣಮುಂದಿನ ಉದಾಹರಣೆ.

ಕೈಯಾರೆ ಬಿಡದಿದ್ದರೂ ಮೀನು ತಾನಾಗಿ ಹೊರಹೋಗುವುದುಂಟು. 2019ರ ಸೆಪ್ಟೆಂಬರ್ 25ರ ರಾತ್ರಿ ಸುರಿದ ಮಳೆಗೆ ಪುಣೆಯ ಆಂಬಿಲ್ ಓಢಾ ಹಳ್ಳವು ಉಕ್ಕಿ ದಡದ ಬಡಾವಣೆಗಳನ್ನು ನುಗ್ಗಿದ್ದನ್ನು ನಗರ ಮರೆತಿಲ್ಲ. ಅಂತಹ ಮಳೆಯಲ್ಲಿ ತೆರೆದ ಕೊಳ ತುಂಬಿ ಹರಿದರೆ ಮರಿಗಳು ಚರಂಡಿಯ ಮೂಲಕ ಹಳ್ಳವನ್ನೂ, ಹಳ್ಳದ ಮೂಲಕ ನದಿಯನ್ನೂ ಸೇರುತ್ತವೆ. ಕೊಳದ ಅಂಚನ್ನು ನೆಲಮಟ್ಟಕ್ಕಿಂತ ಎತ್ತರಿಸಿ, ಹೆಚ್ಚುವರಿ ನೀರಿನ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಕಟ್ಟುವುದು ಅಲ್ಪ ಖರ್ಚಿನ ರಕ್ಷಣೆ.

ರೋಗದ ಭಯ

ಮೀನಿನೊಡನೆ ರೋಗವೂ ಪ್ರಯಾಣ ಮಾಡುತ್ತದೆ. 1998ರಲ್ಲಿ ಇಸ್ರೇಲ್ ಮತ್ತು ಅಮೆರಿಕಗಳಲ್ಲಿ ಕಾಣಿಸಿಕೊಂಡ ಕೊಯಿ ಹರ್ಪಿಸ್ ವೈರಸ್ ರೋಗವು ಕೊಯಿ ಮತ್ತು ಸಾಮಾನ್ಯ ಗೆಂಡೆ ಎರಡನ್ನೂ ಕೊಲ್ಲುತ್ತದೆ. ರೋಗ ತಗುಲಿದ ಕೊಳದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮೀನುಗಳು ಸಾಯಬಹುದು. ಬದುಕಿ ಉಳಿದವು ವೈರಸ್ಸನ್ನು ಹೊತ್ತು ತಿರುಗುತ್ತವೆ. 2003ರಲ್ಲಿ ಜಪಾನಿನ ಕಾಸುಮಿಗಾಉರಾ ಸರೋವರದಲ್ಲಿ ಈ ರೋಗದಿಂದ ಆಹಾರಕ್ಕಾಗಿ ಸಾಕಿದ್ದ ಸಾವಿರ ಟನ್ನಿಗೂ ಹೆಚ್ಚು ಗೆಂಡೆ ಮೀನು ನಾಶವಾಯಿತು. ಮೀನು ತಳದಲ್ಲಿ ಮಲಗಿದಂತೆ ಬಿದ್ದಿರುವ 'ನಿದ್ರಾರೋಗ'ಕ್ಕೆ ಕಾರಣವಾದ ಮತ್ತೊಂದು ವೈರಸ್ ಭಾರತದಲ್ಲಿ ಸಾಕಿದ ಕೊಯಿ ಮೀನುಗಳಲ್ಲಿಯೂ ಕಂಡುಬಂದುದು 2016ರಲ್ಲಿ ವರದಿಯಾಗಿದೆ. ಈ ರೋಗಗಳು ಮನುಷ್ಯರಿಗೆ ತಗುಲುವುದಿಲ್ಲ. ಆದರೆ ಕೆರೆಯನ್ನು ಗುತ್ತಿಗೆ ಹಿಡಿದು ಗೆಂಡೆ ಬೆಳೆಸುವ ಮೀನು ಕೃಷಿಕರ ಜೀವನೋಪಾಯಕ್ಕೆ ಇವುಗಳಿಂದ ಪೆಟ್ಟು ಬೀಳಬಲ್ಲದು.

ಹೊಸದಾಗಿ ತಂದ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ಗಮನಿಸಬೇಕು. ಆ ತೊಟ್ಟಿಯ ಬಲೆ, ಬಕೆಟ್ಟುಗಳನ್ನು ಮುಖ್ಯ ಕೊಳದಲ್ಲಿ ಬಳಸಬಾರದು. ಹೊರದೇಶದಿಂದ ಜೀವಂತ ಮೀನು ತರುವುದಕ್ಕೆ ಸರ್ಕಾರದ ಪೂರ್ವಾನುಮತಿ ಅಗತ್ಯ. ಮೀನುಗಳು ಒಮ್ಮೆಗೇ ಸಾಯತೊಡಗಿದರೆ ಕೊಳದ ನೀರನ್ನು ಹೊರಬಿಡದೆ, ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಿಳಿಸಬೇಕು. ಸತ್ತ ಮೀನುಗಳನ್ನು ಸುಣ್ಣ ಹಾಕಿ ಹೂಳಬೇಕು.

ಹವ್ಯಾಸಿಗಳು ಪಾಲಿಸಬೇಕಾದ ಕ್ರಮ

ಮರಿಗಳ ಸಮಸ್ಯೆಗೆ ಸುಲಭವಾದ ಪರಿಹಾರವಿರುವುದು ಮೊಟ್ಟೆಯ ಹಂತದಲ್ಲಿ. ಗಂಡುಹೆಣ್ಣುಗಳನ್ನು ಕೂಡಿಸುವ ಮೊದಲೇ ತನ್ನಲ್ಲಿ ಎಷ್ಟು ಬೆಳೆದ ಮೀನುಗಳಿಗೆ ಸ್ಥಳವಿದೆ, ಎಷ್ಟು ಮರಿಗಳನ್ನು ಬೇರೆ ಹವ್ಯಾಸಿಗಳು ನಿಶ್ಚಯವಾಗಿ ಒಯ್ಯುತ್ತಾರೆ ಎಂಬುದನ್ನು ಲೆಕ್ಕ ಹಾಕಿಕೊಳ್ಳಬೇಕು. ಆ ಲೆಕ್ಕಕ್ಕೆ ತಕ್ಕಷ್ಟು, ನಾರಿನ ಒಂದು ಸಣ್ಣ ಕಟ್ಟಿನಲ್ಲಿರುವ ಮೊಟ್ಟೆಗಳನ್ನು ಮಾತ್ರ ಮರಿಯಾಗಲು ಬಿಟ್ಟು, ಉಳಿದ ಕಟ್ಟುಗಳನ್ನು ಅದೇ ದಿನ ನೀರಿನಿಂದ ತೆಗೆದು ಬಿಸಿಲಿನಲ್ಲಿ ಒಣಗಿಸಿ ಗೊಬ್ಬರಕ್ಕೆ ಸೇರಿಸಬಹುದು. ಕೆಲವು ನೂರು ಮರಿಗಳ ಆಯ್ಕೆಯಲ್ಲಿ ದೊರೆಯುವ ಕಲಿಕೆ ಲಕ್ಷ ಮರಿಗಳ ಗೊಂದಲದಲ್ಲಿ ದೊರೆಯದು. ಮರಿ ಬೇಡವೆನ್ನುವವರು ಋತುಕಾಲದಲ್ಲಿ ಗಂಡುಹೆಣ್ಣುಗಳನ್ನು ಬೇರೆಯಿಡಬಹುದು. ಹಾಗೆ ಮಾಡಲಾಗದಿದ್ದರೆ ಮೊಟ್ಟೆಗಳನ್ನು ಕೊಳದಲ್ಲಿಯೇ ಬಿಟ್ಟುಬಿಡಬಹುದು. ದೊಡ್ಡ ಮೀನುಗಳು ಅವುಗಳಲ್ಲಿ ಹೆಚ್ಚಿನ ಪಾಲನ್ನು ತಾವೇ ತಿಂದು ಮುಗಿಸುತ್ತವೆ.

ಆಯ್ಕೆಯಲ್ಲಿ ತೆಗೆದ ಆರೋಗ್ಯವಂತ ಮರಿಗಳನ್ನು ಬಣ್ಣಕ್ಕೆ ಪ್ರಾಶಸ್ತ್ಯ ಕೊಡದೆ ಸಾಕಬಯಸುವವರಿಗೆ, ಮುಚ್ಚಿದ ಕೊಳಗಳಿಗೆ ಮಾತ್ರ ಎಂಬ ಷರತ್ತಿನೊಡನೆ ಕೊಡಬಹುದು. ಅಂಗವಿಕಲವಾದ ಅಥವಾ ರೋಗದ ಮರಿಗಳಿಗೆ ನೋವಿಲ್ಲದ ಅಂತ್ಯ ಕೊಡಬೇಕಾದಾಗ ಪಶುವೈದ್ಯರ ಸಲಹೆ ಪಡೆಯಬೇಕು. ಲವಂಗದ ಎಣ್ಣೆ ಬೆರೆಸಿದ ನೀರಿನಿಂದ ಅರಿವಳಿಕೆ ನೀಡುವ ವಿಧಾನ ರೂಢಿಯಲ್ಲಿದೆ. ನದಿ, ಕೆರೆ, ಬಾವಿ, ಕಾಲುವೆ, ದೇವಸ್ಥಾನದ ಪುಷ್ಕರಣಿ ಇವುಗಳಲ್ಲಿ ಯಾವುದಕ್ಕೂ ಅವುಗಳನ್ನು ಬಿಡಬಾರದು.

ಹವ್ಯಾಸವನ್ನು ಉಪವೃತ್ತಿಯಾಗಿ ಬೆಳೆಸಬಯಸುವವರಿಗೂ ಮಾರ್ಗವಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಗಳನ್ನೂ ಸೇರಿಸಿ, ಘಟಕದ ವೆಚ್ಚದಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇಕಡ 60ರ ಸಹಾಯಧನವನ್ನು ನಿಗದಿಪಡಿಸಲಾಯಿತು. ನೆರವಿನ ಚಾಲ್ತಿಯ ನಿಯಮಗಳನ್ನು ಜಿಲ್ಲಾ ಮೀನುಗಾರಿಕೆ ಕಚೇರಿಯಲ್ಲಿ ತಿಳಿಯಬಹುದು.

ಗಣೇಶೋತ್ಸವದ ಮೂರ್ತಿಗಳನ್ನು ನದಿಗೆ ಬಿಡದೆ ದಡದಲ್ಲಿ ಕಟ್ಟಿದ ಹೌದುಗಳಲ್ಲಿ ವಿಸರ್ಜಿಸುವ ಅಭ್ಯಾಸವನ್ನು ಪುಣೆಯ ಅಸಂಖ್ಯ ಕುಟುಂಬಗಳು ರೂಢಿಸಿಕೊಂಡಿವೆ. ಭಕ್ತಿಯ ವಿಷಯದಲ್ಲಿ ಸಾಧ್ಯವಾದ ಈ ಸಂಯಮ ಹವ್ಯಾಸದ ವಿಷಯದಲ್ಲಿ ಅಸಾಧ್ಯವಾಗಲಾರದು. ಕೊಳವನ್ನು ಕಟ್ಟಿಸಿದವರು ಅದರ ಮೀನುಗಳ ಹುಟ್ಟಿಗೂ ಅಂತ್ಯಕ್ಕೂ ಹೊಣೆಗಾರರು. ಮೊಟ್ಟೆಯಿಡಿಸುವ ಮೊದಲೇ ಮರಿಗಳ ಲೆಕ್ಕವನ್ನು ಹಾಕಿಕೊಂಡರೆ ಹಿತ್ತಲಿನ ಕೊಳ ಕಣ್ಣಿಗೆ ಹಬ್ಬವಾಗಿ ಉಳಿಯುತ್ತದೆ, ಭೀಮೆಯ ನೀರು ಅದರ ಮೀನುಗಳದಾಗಿಯೇ ಉಳಿಯುತ್ತದೆ.